ಪತ್ತಾಯದೊಳಗಿನ ಪೆಟ್ರೋಲು ಕೋಲು

ನಮ್ಮ ಮನೆಗೆ ಮೊದಲ ಸಲ ಬಂದವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಕುತ್ತಿಗೆ ಓರೆ ಮಾಡುತ್ತಾರೆ. ಕಾರಣ ನಮ್ಮ ಪತ್ತಾಯ. ಪತ್ತಾಯವೆಂದರೆ ಅಕ್ಕಿ ತುಂಬಿಡುವ ಮರದ ದೊಡ್ಡ ಪೆಟ್ಟಿಗೆ. ಹಳೆಯ ಮನೆಗಳಲ್ಲಿ ಅದೊಂದು ಸಾಮಾನ್ಯ ವಸ್ತು, ನೋಡಿ ಬೆರಗಾಗುವಂಥದ್ದೇನೂ ಅಲ್ಲ. ಆದರೆ ನಮ್ಮದರ ಎದುರಿನ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ‘ನಿಧಾನ’ ಎಂದು ಬರೆದಿದೆ, ಅದೂ ತಲೆಕೆಳಗಾಗಿ. ಊಟಕ್ಕೆ ಬಂದ ನೆಂಟರೊಬ್ಬರು ಅದನ್ನು ಕಷ್ಟಪಟ್ಟು ಓದಿ, “ಇದು ಬಡಿಸುವವರಿಗಾ, ಉಣ್ಣುವವರಿಗಾ?” ಎಂದು ಕೇಳಿದ್ದರು. ಎರಡು ಪಕ್ಷಕ್ಕೂ ಆಗಬಹುದು ಎಂದು ನಾನು ಹೇಳಿದೆ.

ಮೊನ್ನೆ ನನ್ನ ಮೊಮ್ಮಗಳಿಗೆ ಮನೆ ಸ್ವಚ್ಛ ಮಾಡುವ ಹುರುಪು ಬಂತು. ಈ ಹುರುಪು ಬಂದಾಗ ನಾನು ಒಂದು ಮೂಲೆಯಲ್ಲಿ ಅಲುಗಾಡದೆ ಕೂತುಬಿಡುತ್ತೇನೆ, ಇಲ್ಲವಾದರೆ ನನ್ನನ್ನೂ ಎತ್ತಿ ಹೊರಗಿಟ್ಟಾಳು. ಪತ್ತಾಯದ ಮುಚ್ಚಳ ತೆಗೆದವಳು ಒಳಗಿಂದ ಒಂದು ಬಿದಿರಿನ ಕೋಲು ಎಳೆದಳು. ಉದ್ದಕ್ಕೂ ಕತ್ತಿಯ ತುದಿಯಿಂದ ಕೊರೆದ ಗೆರೆಗಳು. “ಅಜ್ಜಿ, ಇದೆಂತ? ಬಿಸಾಡುದಾ?” ಎಂದಳು.

ನಾನು ಕೂತಲ್ಲಿಂದ ಎದ್ದೆ. ನನ್ನ ಮೊಣಕಾಲಿನ ಈಗಿನ ಪರಿಸ್ಥಿತಿ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ಸುದ್ದಿ ಎಂದು ಅರ್ಥವಾಗುತ್ತದೆ.

ಆ ಕೋಲಿನಿಂದ ನಾವು ಪತ್ತಾಯದಲ್ಲಿ ಅಕ್ಕಿ ಎಷ್ಟಿದೆ ಎಂದು ನೋಡುವುದು ಹೌದು. ಆದರೆ ಅದು ಹುಟ್ಟಿದ್ದು ಅಕ್ಕಿಗಾಗಿ ಅಲ್ಲ, ಪೆಟ್ರೋಲಿಗಾಗಿ. ಹಾಗೆಯೇ ಪತ್ತಾಯವೂ ಹುಟ್ಟಿನಲ್ಲಿ ಪತ್ತಾಯವಲ್ಲ. ಅದು ಬಹಳ ವರ್ಷ ಲಾರಿಯಾಗಿತ್ತು. ಇನ್ನೂ ಹಿಂದೆ ಹೋದರೆ ಹಲಸಿನ ಮರ. ಎಲ್ಲಿಂದ ಸುರುಮಾಡಲಿ? ನನ್ನಿಂದಲೇ ಮಾಡುತ್ತೇನೆ, ಮುದುಕಿಯರಿಗೆ ಅದು ಸುಲಭ.

ನಾನು ಸಂಪಾಜೆಯವಳು. ಮಡಿಕೇರಿಗೆ ಹೋಗುವ ರಸ್ತೆ ಘಾಟಿ ಹತ್ತುವ ಮೊದಲು ಒಮ್ಮೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನನ್ನ ಅಪ್ಪನ ಚಾ ಹೋಟೆಲು ಇತ್ತು. ಐವತ್ತರ ದಶಕದ ಲಾರಿಗಳು ಈಗಿನವುಗಳ ಹಾಗೆ ಭರ್ರನೆ ಹೋಗಿಬಿಡುತ್ತಿರಲಿಲ್ಲ. ಹೋಟೆಲಿನ ಎದುರು ನಿಂತು, ಮೂಗಿನ ಮುಚ್ಚಳ ತೆರೆದು, ಹೊಗೆಯಾಡುತ್ತ ನೀರು ಕುಡಿಯುತ್ತಿದ್ದವು. ಡ್ರೈವರುಗಳು ಚಾ ಕುಡಿಯುತ್ತಿದ್ದರು. ಇಬ್ಬರದ್ದೂ ಮುಗಿದ ಮೇಲೆ ಮುಂದಿನ ಪ್ರಯಾಣ. ರಸ್ತೆಯಾಚೆಗಿನ ಒರತೆಯಿಂದ ಕೊಡದಲ್ಲಿ ನೀರು ತಂದಿಡುವ ಕೆಲಸ ನನ್ನದು ಮತ್ತು ನನ್ನ ಅಕ್ಕನದು. ಹತ್ತುವ ಲಾರಿಗಳು ಅರಚಾಡುತ್ತ ಹೋಗುತ್ತಿದ್ದವು. ಇಳಿಯುವ ಕೆಲವು ಲಾರಿಗಳು ಮಾತ್ರ ಒಂದು ಸದ್ದೂ ಇಲ್ಲದೆ ಬರುತ್ತಿದ್ದವು, ಟಯರಿನ ಸರಸರ, ಬ್ರೇಕಿನ ಕೀರಲು ಮತ್ತು ಸುಟ್ಟ ವಾಸನೆ ಅಷ್ಟೆ. ಪೆಟ್ರೋಲು ಉಳಿಸಲು ಇಂಜಿನು ನಿಲ್ಲಿಸಿ ಜಾರಿಸಿಕೊಂಡು ಬರುವ ಲಾರಿಗಳವು. ಅಪ್ಪನಿಗೆ ಅವುಗಳನ್ನು ಕಂಡರೆ ಆಗುತ್ತಿರಲಿಲ್ಲ. ಸದ್ದು ಮಾಡದೆ ಬರುವ ಲಾರಿ ಮತ್ತು ಕೆಮ್ಮದೆ ಅಂಗಳಕ್ಕೆ ಬರುವ ಮನುಷ್ಯ, ಎರಡನ್ನೂ ನಂಬಬಾರದೆಂದು ಅವರ ಅಭಿಪ್ರಾಯವಾಗಿತ್ತು.

ನಾನೂ ಅಕ್ಕನೂ ಒಂದು ಆಟ ಆಡುತ್ತಿದ್ದೆವು. ಕಣ್ಣು ಮುಚ್ಚಿಕೊಂಡು ಸದ್ದಿನಿಂದಲೇ ಲಾರಿ ಯಾರದ್ದು ಎಂದು ಹೇಳಬೇಕು. ಶಾಲೆಯಲ್ಲಿ ನನ್ನ ಲೆಕ್ಕವೂ ಇಂಗ್ಲಿಷೂ ಹೇಗಿತ್ತೆಂದು ಇಲ್ಲಿ ಬೇಡ, ಈ ವಿದ್ಯೆಯಲ್ಲಿ ಮಾತ್ರ ನನ್ನನ್ನು ಮೀರಿಸುವವರು ಇರಲಿಲ್ಲ. ಅವುಗಳಲ್ಲಿ ಒಂದು ಲಾರಿ ಬಹಳ ದೂರದಿಂದಲೇ ನರಳುತ್ತ ಬರುತ್ತಿತ್ತು, ನೆಗಡಿಯಾದ ಕೋಣ ಕೆಸರಿನಿಂದ ಕಾಲು ಎಳೆದುಕೊಂಡ ಹಾಗೆ. “ಪುತ್ತೂರಿನ ಗೌಡ್ರದ್ದು” ಎಂದು ನಾವಿಬ್ಬರೂ ಒಟ್ಟಿಗೆ ಕೂಗುತ್ತಿದ್ದೆವು. ಮುಂದೆ ಅದೇ ಗೌಡರ ಮಗನಿಗೆ ನನ್ನನ್ನು ಕೇಳಿಕೊಂಡು ಬಂದರು. ಹುಡುಗನ ಮುಖ ನೋಡುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರ ಲಾರಿಯ ಕೆಮ್ಮು ನನಗೆ ಪರಿಚಯವಾಗಿತ್ತು.

ಮದುವೆಯ ದಿಬ್ಬಣ ಬಂದದ್ದು ಆ ಲಾರಿಯಲ್ಲೇ. ಹಿಂದೆ ಚಾಪೆ ಹಾಸಿ, ಬದಿಗೆ ಮಾವಿನೆಲೆ ಕಟ್ಟಿದ್ದರು. ವಾಪಸು ಹೋಗುವಾಗ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಅತ್ತೆಯೆಲ್ಲಿ ಎಂದು ನೋಡಿದರೆ ಅವರು ಸೆರಗು ಸರಿಮಾಡಿಕೊಂಡು ಬಸ್ಸಿಗೆ ಕಾಯುತ್ತ ನಿಂತಿದ್ದಾರೆ. ಮಗನ ಮದುವೆಯ ದಿನ, ಮನೆಯದ್ದೇ ಲಾರಿ ಎದುರಲ್ಲಿರುವಾಗ, ಈ ಹೆಂಗಸು ಬಸ್ಸಿಗೆ ಕಾಯುವುದೆಂದರೇನು? ಅವರಿಗೆ ಸೊಸೆ ಹಿಡಿಸಿಲ್ಲವೆಂದು ನಾನು ಸುಳ್ಯ ತಲುಪುವವರೆಗೆ ಅಳುತ್ತಲೇ ಇದ್ದೆ. ಆಮೇಲೆ ಅಳುವುದಕ್ಕೂ ಆಗಲಿಲ್ಲ, ಲಾರಿಯ ಕುಲುಕಾಟ ಅಷ್ಟಿತ್ತು. ಅತ್ತೆಗೆ ಹಿಡಿಸದೆ ಇದ್ದದ್ದು ಲಾರಿ ಎಂದು ತಿಳಿಯಲು ನನಗೆ ಕೆಲವು ವಾರ ಬೇಕಾಯಿತು.

ಅತ್ತೆಯ ತವರು ಕಾಣಿಯೂರು. ಅಲ್ಲಿ ಅವರ ಕೊಟ್ಟಿಗೆಯ ಹಿಂದೆ ಒಂದು ಹಲಸಿನ ಮರ ಇತ್ತಂತೆ. ಅತ್ತೆ ಹುಡುಗಿಯಾಗಿದ್ದಾಗ ಅದರ ಕೆಳಗೆ ಗೋಲಿ ಆಡಿದವರು, ಅದರ ಕೊಂಬೆಯಿಂದ ಬಿದ್ದು ಹಲ್ಲು ಮುರಿದುಕೊಂಡವರು. ಒಂದು ಮಳೆಗಾಲದ ಗಾಳಿಗೆ ಮರ ಬಿತ್ತು. ಅಣ್ಣಂದಿರು ಅದನ್ನು ಕೊಯ್ಯಿಸಿ, ತಂಗಿಗೆ ಪತ್ತಾಯ ಮಾಡಿಸಿಕೊಳ್ಳಲೆಂದು ಹಲಗೆಗಳನ್ನು ಗಾಡಿಯಲ್ಲಿ ಪುತ್ತೂರಿನ ದರ್ಬೆಗೆ ಕಳಿಸಿದರು. ನಮ್ಮ ಮನೆ ಆಗ ದರ್ಬೆಯ ರಸ್ತೆಯ ಪಕ್ಕದಲ್ಲೇ. ಅದೇ ಸಮಯಕ್ಕೆ ಮಾವ ಯುದ್ಧದ ಕಾಲದ ಒಂದು ಮಿಲಿಟರಿ ಲಾರಿಯನ್ನು ಹರಾಜಿನಲ್ಲಿ ಹಿಡಿದು ತಂದಿದ್ದರು. ಲಾರಿಯೆಂದರೆ ಇಂಜಿನು, ಚಕ್ರ ಮತ್ತು ಒಂದು ಸೀಟು, ಹಿಂದೆ ಬರೀ ಎಲುಬು. ಮಾವ ಲಾರಿ ನೋಡಿದರು. ಅಂಗಳದಲ್ಲಿ ಪೇರಿಸಿಟ್ಟ ಹಲಗೆ ನೋಡಿದರು. ಅತ್ತೆ ಹಸುವಿನ ಹಾಲು ಕರೆದು ಬರುವಷ್ಟರಲ್ಲಿ ಬಡಗಿ ಬಾಬು ಆಚಾರಿ ಹಲಗೆಗೆ ಅಳತೆಯ ನೂಲು ಹಿಡಿದಾಗಿತ್ತು.

“ಪತ್ತಾಯ ಬರುವ ವರ್ಷ ಮಾಡಿಸುವಾ” ಎಂದು ಮಾವ ಹೇಳಿದರಂತೆ.

ಅತ್ತೆ ಜಗಳ ಮಾಡಲಿಲ್ಲ. ಅವರದ್ದು ಜಗಳದ ಜಾತಿಯೇ ಅಲ್ಲ. ಅವತ್ತಿನಿಂದ ಆ ಲಾರಿಗೆ ಹತ್ತಲಿಲ್ಲ, ಅಷ್ಟೆ. ಕಾಣಿಯೂರಿಗೆ ಬಸ್ಸು, ಸುಳ್ಯಕ್ಕೆ ಬಸ್ಸು, ಬಸ್ಸಿಲ್ಲದ ಕಡೆಗೆ ಕಾಲು. ಮಾವ ಒಂದೆರಡು ಸಲ “ಬಾ ಮಾರಾಯ್ತಿ, ದಾರಿಯಲ್ಲೇ ಇಳಿಸ್ತೇನೆ” ಎಂದು ಕರೆದು, ಆಮೇಲೆ ಕರೆಯುವುದನ್ನು ಬಿಟ್ಟರು.

ಬಾಬು ಆಚಾರಿಯ ವಿಷಯ ಹೇಳದೆ ಮುಂದೆ ಹೋಗಬಾರದು. ಮನೆ ಕಟ್ಟುವುದರಲ್ಲಿ ಸುತ್ತಮುತ್ತಲು ಹೆಸರು ಪಡೆದ ಕೈ ಅವರದ್ದು. ಲಾರಿಯ ಬಾಡಿ ಕಟ್ಟುವ ಕೆಲಸ ಅದೇ ಮೊದಲು. ಮಂಗಳೂರಿಗೆ ಹೋದರೆ ಅದಕ್ಕೆಂದೇ ಇರುವವರು ಸಿಗುತ್ತಿದ್ದರು. ಆದರೆ ಹುಟ್ಟಿದ ಮನೆಯ ಜಗಲಿ, ಮದುವೆಯ ಮಂಚ, ತಮ್ಮ ಅಪ್ಪನ ಆರಾಮ ಕುರ್ಚಿ ಎಲ್ಲ ಮಾಡಿದ ಆಚಾರಿಯನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುವುದೆಂದರೆ ಮಾವನಿಗೆ ಮುಖ ತೋರಿಸಲು ಕಷ್ಟ. ಆಚಾರಿ ಕೆಲಸಕ್ಕೆ ಕೈಹಾಕುವ ಮೊದಲು ಕೇಳಿದ ಮೊದಲ ಪ್ರಶ್ನೆ, “ಬಾಗಿಲು ಯಾವ ದಿಕ್ಕಿಗೆ ಗೌಡ್ರೆ?”

ಮಾವ ನಗಲಿಲ್ಲ. ಇದು ನಗುವ ವಿಷಯವಾಗಿರಲಿಲ್ಲ. ಇಬ್ಬರೂ ಕೂತು ಒಂದು ಸುತ್ತು ವೀಳ್ಯ ಮುಗಿಸಿ ಯೋಚಿಸಿದರು. ಲಾರಿ ಊರೂರು ತಿರುಗುವಾಗ ಅದರ ಮುಖ ಎಲ್ಲಿಗೆಂದು ಹೇಳುವುದು? ಕೊನೆಗೆ ಆಚಾರಿಯೇ ದಾರಿ ತೋರಿಸಿದರು. “ಓಡುವಾಗ ಹೇಗೂ ಇರಲಿ. ಮನೆಯಲ್ಲಿ ನಿಲ್ಲಿಸುವಾಗ ಮೂಡು ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದರೆ ಆಯ್ತು.” ನಮ್ಮ ಅಂಗಳ ಚಿಕ್ಕದು. ಲಾರಿಯನ್ನು ಮೂಡು ದಿಕ್ಕಿಗೆ ತಿರುಗಿಸಬೇಕಾದರೆ ತುಳಸಿಕಟ್ಟೆಗೆ ತಾಗದ ಹಾಗೆ ಹಿಂದೆ ಮುಂದೆ, ಹಿಂದೆ ಮುಂದೆ ಮಾಡಬೇಕು. ಅಲ್ಲಿಯೇ ಎಷ್ಟು ಪೆಟ್ರೋಲು ಹೋಗಿರಬಹುದೋ ದೇವರಿಗೇ ಗೊತ್ತು.

ಆಚಾರಿ ತನಗೆ ತಿಳಿದ ಕ್ರಮದಲ್ಲೇ ಕಟ್ಟಿದರು. ಅಂದರೆ ಮನೆ ಕಟ್ಟಿದರು. ಮೂಲೆಗೆ ಕಂಬ, ಕಂಬಕ್ಕೆ ಕಡೆದ ಬಳೆಗಳು, ಅಟ್ಟಕ್ಕೆ ಹಾಕುವ ದಪ್ಪದ ಹಲಗೆಯ ತಳ, ಹಿಂದಿನ ಬಾಗಿಲಿಗೆ ಮಾವಿನೆಲೆಯ ತೋರಣದ ಕೆತ್ತನೆ. ಅದರ ಮೇಲ್ಗಡೆ ಪೇಟೆಯ ಪೈಂಟರು ‘ನಿಧಾನ’ ಎಂದು ಹಳದಿಯಲ್ಲಿ ಬರೆದ. ದರ್ಬೆಯ ಜನ ಅಂಗಡಿಯಿಂದ ಎದ್ದು ಬಂದು ಕೈಯಿಂದ ಸವರಿ ನೋಡಿದರು. “ಗಟ್ಟಿ ಉಂಟು” ಎಂದರು. ಮಾವನಿಗೆ ಆ ಒಂದು ಮಾತು ಸಾಕಾಗಿತ್ತು.

ನಾನು ಸೊಸೆಯಾಗಿ ಬರುವ ಹೊತ್ತಿಗೆ ಲಾರಿಗೆ ವಯಸ್ಸಾಗಿತ್ತು. ಸುಳ್ಯ, ಸಂಪಾಜೆ, ಮಡಿಕೇರಿ ಎಂದು ಅದು ತಿರುಗಿದ ದಾರಿಯನ್ನು ಸೇರಿಸಿದರೆ ಕಾಶಿಗೆ ಹೋಗಿ ಬಂದು ಮತ್ತೆ ಹೋಗಬಹುದಿತ್ತು. ವಯಸ್ಸಾದ ಹಾಗೆ ಅದರ ಕುಡಿತ ಹೆಚ್ಚಾಯಿತು. ಪೆಟ್ರೋಲು ತೋರಿಸುವ ಮುಳ್ಳು ಎಂದೋ ಸತ್ತಿತ್ತು. ಹಾಗಾಗಿ ಮಾವ ಒಂದು ಬಿದಿರಿನ ಕೋಲಿಗೆ ಗೆರೆ ಕೊರೆದು ಇಟ್ಟುಕೊಂಡಿದ್ದರು. ಲಾರಿ ಹೊರಡುವ ಮೊದಲು ಟ್ಯಾಂಕಿಗೆ ಕೋಲು ಇಳಿಸುವುದು, ಬಂದ ಮೇಲೆ ಮತ್ತೆ ಇಳಿಸುವುದು. ಪೆಟ್ರೋಲಿನ ಪಸೆ ಬಿಸಿಲಿಗೆ ಕ್ಷಣದಲ್ಲಿ ಆರಿಹೋಗುತ್ತದಲ್ಲ, ಆದ್ದರಿಂದ ಕೋಲು ಎತ್ತಿದ ಕೂಡಲೇ ಮಾವ ಕನ್ನಡಕ ಹಣೆಗೇರಿಸಿ, ಉಸಿರು ಹಿಡಿದು, ಗೆರೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದರು. ಆ ಮೇಲೆ ಒಂದು ನಿಟ್ಟುಸಿರು. ಅಡುಗೆಮನೆಯಲ್ಲಿದ್ದ ನಮಗೆ ಆ ನಿಟ್ಟುಸಿರು ಕೇಳುತ್ತಿತ್ತು.

ಲಾರಿಯನ್ನು ಮೊದಲ ದಿನದಿಂದ ಓಡಿಸುತ್ತಿದ್ದವನು ಅದ್ರಾಮ ಬ್ಯಾರಿ. ತೆಳ್ಳಗಿನ ಆಳು, ತಲೆಗೊಂದು ಟವಲು, ಮಾತು ಕಡಿಮೆ. ಮಾವನಿಗೂ ಅವನಿಗೂ ಲಾರಿಯ ವಿಷಯದಲ್ಲಿ ಬಿಟ್ಟರೆ ಬೇರೆ ಯಾವುದರಲ್ಲೂ ಭಿನ್ನಾಭಿಪ್ರಾಯ ಇರಲಿಲ್ಲ. ಇಬ್ಬರೂ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಸಿಟ್ಟು ಬಂದರೆ ಮಾವ ತಮ್ಮ ಮನೆಮಾತು ಅರೆಭಾಷೆಗೂ ಅದ್ರಾಮ ತನ್ನ ಬ್ಯಾರಿ ಭಾಷೆಗೂ ಹೋಗುತ್ತಿದ್ದರು, ಹಾಗಾಗಿ ಜಗಳ ಬೇಗ ಮುಗಿಯುತ್ತಿತ್ತು. ನಾನು ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕುಡಿತ ಬಿಡಿಸಲು ಊರಿನವರೆಲ್ಲ ಮದ್ದು ಹೇಳಿದರು. ಒಬ್ಬರು ಟಯರಿಗೆ ಗಾಳಿ ಹೆಚ್ಚು ಹೊಡೆಸಿ ಎಂದರು. ಹೊಡೆಸಿದರು. ಲಾರಿ ರಸ್ತೆಯ ಮೇಲೆ ಪುಟಿಯತೊಡಗಿತು, ಅದ್ರಾಮನ ತಲೆ ಲಾರಿಯ ಮಾಡಿಗೆ ತಾಗಿ ಟವಲಿನ ಕೆಳಗೆ ಬುಗುಟು ಬಂತು. ಇನ್ನೊಬ್ಬರು, ಟ್ಯಾಂಕಿಗೆ ಡಾಂಬರು ಗುಳಿಗೆ ಹಾಕಿದರೆ ಇಂಜಿನಿಗೆ ಶಕ್ತಿ ಬರುತ್ತದೆ ಎಂದರು. ಸೀರೆಯ ಪೆಟ್ಟಿಗೆಗೆ ಹಾಕುವ ಅದೇ ಬಿಳಿ ಗುಳಿಗೆ. ಮಾವ ನನ್ನ ಮದುವೆಯ ಪೆಟ್ಟಿಗೆಯಿಂದಲೇ ಕೇಳಿ ತೆಗೆದುಕೊಂಡು ಹೋದರು. ಆ ವಾರವೆಲ್ಲ ಲಾರಿ ಬಂತೆಂದರೆ ಯಾರೋ ಅಜ್ಜಿಯ ರೇಷ್ಮೆ ಸೀರೆ ಬಿಡಿಸಿದ ಹಾಗೆ ವಾಸನೆ. ಪೆಟ್ರೋಲು ಮಾತ್ರ ಮೊದಲಿನ ಹಾಗೆಯೇ ಹೋಯಿತು, ನನ್ನ ಸೀರೆಗೆ ನುಸಿ ಹಿಡಿದದ್ದು ಲಾಭ.

ಅದ್ರಾಮ ತನ್ನ ಕಡೆಯಿಂದ ಮಾಡುವುದನ್ನೆಲ್ಲ ಮಾಡಿದ. ಪ್ಲಗ್ ಬಿಚ್ಚಿ ಉಜ್ಜಿದ, ಕಾರ್ಬುರೇಟರು ತೊಳೆದ, ಅದರ ಸಣ್ಣ ತೂತಿಗೆ ಬಾಯಿಟ್ಟು ಊದಿದ. ಒಂದಕ್ಕೆ ಮಾತ್ರ ಅವನು ಒಪ್ಪಲಿಲ್ಲ. ಇಳಿಜಾರಿನಲ್ಲಿ ಇಂಜಿನು ನಿಲ್ಲಿಸು ಎಂದು ಮಾವ ಹೇಳಿದಾಗ ಅವನು ಕೀಲಿಕೈ ತೆಗೆದು ಮಾವನ ಕೈಗಿಟ್ಟ. “ಹಾಗಾದ್ರೆ ನೀವೇ ಇಳಿಸಿ ಗೌಡ್ರೆ. ಸಂಪಾಜೆ ಘಾಟಿಯಲ್ಲಿ ಮಕ್ಕಳು ಕೊಡ ಹಿಡಿದುಕೊಂಡು ರಸ್ತೆ ದಾಟುದನ್ನು ನಾನು ನೋಡಿದ್ದೇನೆ.” ಆ ಮಕ್ಕಳು ಯಾರೆಂದು ನನಗೆ ಗೊತ್ತಿತ್ತು. ಬಾಗಿಲ ಹಿಂದೆ ನಿಂತಿದ್ದ ನಾನು ಅವತ್ತು ಅವನಿಗೆ ಚಾಕ್ಕೆ ಬೆಲ್ಲ ಸ್ವಲ್ಪ ಹೆಚ್ಚೇ ಹಾಕಿದೆ.

ಆಮೇಲೆ ಮಾವನಿಗೆ ಭಾರದ ಮೇಲೆ ಕಣ್ಣು ಬಿತ್ತು. ಲಾರಿಯಲ್ಲಿ ಬೇಡದ ಭಾರ ಇರಬಾರದು. ಹಗ್ಗದ ಕಟ್ಟು ಇಳಿಯಿತು. ಹಾರೆ ಇಳಿಯಿತು. ಸೀಟಿನ ಮೇಲಿದ್ದ ಹತ್ತಿಯ ಹಾಸು ಇಳಿಯಿತು, ಅದ್ರಾಮ ಗೋಣಿಚೀಲದ ಮೇಲೆ ಕೂತ. ಅವನ ಕೊಡೆ ಇಳಿಯಿತು. ಒಂದು ಬೆಳಿಗ್ಗೆ ಅವನ ಬುತ್ತಿಯನ್ನು ಮಾವ ಕೈಯಲ್ಲೆತ್ತಿ ತೂಗಿ ನೋಡುತ್ತಿದ್ದುದನ್ನು ನಾನೇ ಕಂಡೆ.

“ಇದರಲ್ಲಿ ಎಂತ ಉಂಟು ಅದ್ರಾಮ, ಇಷ್ಟು ಭಾರ?”

“ಗಂಜಿ ಗೌಡ್ರೆ. ಮಧ್ಯಾಹ್ನ ನನ್ನ ಹೊಟ್ಟೆಗೆ ಹೋಗ್ತದೆ. ಆಮೇಲೆಯೂ ಲಾರಿಯಲ್ಲೇ ಇರ್ತದಲ್ಲ.”

ಮಾವ ಯೋಚಿಸಿ ಬುತ್ತಿಯನ್ನು ವಾಪಸು ಕೊಟ್ಟರು. ಇಷ್ಟೆಲ್ಲ ಇಳಿಸಿದ ಮನುಷ್ಯನ ಬೆನ್ನಿಗೇ ಹಲಸಿನ ಮರದ ಮನೆಯೊಂದು ಕೂತಿತ್ತು, ಅದು ಅವರ ಲೆಕ್ಕಕ್ಕೆ ಬರಲೇ ಇಲ್ಲ. ನಮಗೂ ಬರಲಿಲ್ಲ. ಗಟ್ಟಿಯಾದದ್ದು ಭಾರವೂ ಇರುತ್ತದೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ದರ್ಬೆಯ ರಸ್ತೆಯಲ್ಲಿ ಡೀಸೆಲ್ ಲಾರಿಗಳು ಓಡತೊಡಗಿದವು. ಬಾಡಿಗೆಗೆ ಜನ ಅವುಗಳನ್ನೇ ಕರೆಯತೊಡಗಿದರು. ಪೇಟೆಯಲ್ಲಿ ಯಾರೋ ಮಾವನ ಕಿವಿಯಲ್ಲಿ, ಪೆಟ್ರೋಲು ಲಾರಿ ಕುಡಿಯುವುದಲ್ಲ, ಡ್ರೈವರು ತೆಗೆದು ಮಾರುವುದಿರಬಹುದು ಎಂದು ಊದಿದರು. ಮಾವ ಮನೆಗೆ ಬಂದವರು ಸಿಟ್ಟಿನಲ್ಲಿ ಅರೆಭಾಷೆಯಲ್ಲಿ ಏನೇನೋ ಹೇಳಿ, ಕೊನೆಗೆ, “ಅದ್ರಾಮ ಹಗಲೂ ರಾತ್ರಿ ಕೂತು ಕುಡಿದರೂ ಇಷ್ಟು ಮುಗಿಸ್ಲಿಕ್ಕೆ ಆಗ್ಲಿಕ್ಕಿಲ್ಲ” ಎಂದರು. ಆ ದಿನವೇ ಒಂದು ತೀರ್ಮಾನವನ್ನೂ ಹೇಳಿದರು. ಮಳೆಗಾಲ ಹಿಡಿಯುವುದರೊಳಗೆ ಕುಡಿತ ಕಡಿಮೆಯಾಗದಿದ್ದರೆ ಲಾರಿಯನ್ನು ಮಂಗಳೂರಿನ ಗುಜರಿಯವನಿಗೆ ಕೊಡುವುದು. ಅದ್ರಾಮ ಜಗಲಿಯ ಕೆಳಗೆ ನಿಂತು ಕೇಳಿಸಿಕೊಂಡ. ಲಾರಿಯ ಹತ್ತಿರ ಹೋಗಿ ಅದರ ಕನ್ನಡಿಯನ್ನು ಟವಲಿನಿಂದ ಒರೆಸತೊಡಗಿದ, ಅದು ಸ್ವಚ್ಛವಾಗಿಯೇ ಇತ್ತು. ಬೇರೆ ಲಾರಿಯ ಕೆಲಸ ಅವನಿಗೆ ಸಿಗುತ್ತಿತ್ತು, ಆದರೆ ಅವನಿಗೆ ಬೇಕಾದದ್ದು ಇದೇ ಲಾರಿ. ಮಾವ ಆ ಹೊತ್ತು ಊಟ ಮಾಡಲಿಲ್ಲ.

ಅತ್ತೆ ಮಾತ್ರ ಬಡಿಸಿದ ಬಟ್ಟಲನ್ನು ಎತ್ತಿಡುತ್ತ, “ಅದು ಹೋದ ಮೇಲೆ ಇವರು ಅಂಗಳದಲ್ಲಿ ಎಂತ ನೋಡಿಕೊಂಡು ಕೂರುದು?” ಎಂದು ನನ್ನ ಹತ್ತಿರ ಕೇಳಿದರು. ಲಾರಿಯ ಬಗ್ಗೆ ಅವರು ಆಡಿದ ಮಾತು ನಾನು ಕೇಳಿದ್ದು ಅದೇ ಮೊದಲು.

ಬೇಸಗೆಯ ಕೊನೆಗೆ ಕಡಬದ ಕಡೆ ನೆಂಟರ ಮನೆಯಲ್ಲೊಂದು ಮದುವೆ ಬಂತು. ಲಾರಿಗೂ ಆ ಕಡೆಯಿಂದ ಕಾಳುಮೆಣಸು ತರುವ ಬಾಡಿಗೆ ಇತ್ತು. ನಾನು ಆಗ ಬಸುರಿ, ಆದ್ದರಿಂದ ಮುಂದಿನ ಸೀಟಿನಲ್ಲಿ ಮಾವನ ಜೊತೆ ಕೂತೆ. ಹತ್ತುವಾಗ ಮಾವ ನನ್ನ ಬಟ್ಟೆಯ ಗಂಟನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಏನೋ ಹೇಳಲು ಹೋಗಿ ಸುಮ್ಮನಾದರು. ಅತ್ತೆ ಎಂದಿನಂತೆ ಬಸ್ಸು.

ದಾರಿಯಲ್ಲಿ ಕುಮಾರಧಾರೆಯನ್ನು ದಾಟಬೇಕು. ಸೇತುವೆ ಇರಲಿಲ್ಲ, ನಮ್ಮ ಲಾರಿ ಆಚೆ ದಡಕ್ಕೆ ಹೋಗುವುದೂ ಅದೇ ಮೊದಲು. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿ, ಅದರ ಮೇಲೆ ಖಾಲಿ ಲಾರಿಯನ್ನು ಹತ್ತಿಸಿ ದಾಟಿಸುತ್ತಿದ್ದರು. ಲೋಡು ಇದ್ದರೆ ಇಳಿಸಿ ಬೇರೆ ದೋಣಿಯಲ್ಲಿ ತರಬೇಕು. ನಾವು ದೋಣಿಯ ಕಡವಿಗೆ ಬಂದಾಗ ಬಸ್ಸಿನಲ್ಲಿ ಬಂದ ಅತ್ತೆ ಆಗಲೇ ದಡದ ನೆರಳಿನಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬಸ್ಸಿಗಿಂತ ಹಿಂದೆ ಬಿದ್ದದ್ದಕ್ಕೆ ಮಾವನಿಗೆ ಮೊದಲೇ ಮುಖ ಸಣ್ಣದಾಗಿತ್ತು.

ಅದ್ರಾಮ ಲಾರಿಯನ್ನು ಮೆಲ್ಲಗೆ ದೋಣಿಗೆ ಹತ್ತಿಸಿದ. ದೋಣಿ ಒಮ್ಮೆ ನರಳಿ ಕೆಳಗೆ ಹೋಯಿತು. ಇನ್ನೂ ಹೋಯಿತು. ನೀರು ಅಂಚಿನ ಹತ್ತಿರಕ್ಕೆ ಬಂದಾಗ ದೋಣಿಯವನು ದೋಣಿ ನೂಕುವ ಜಲ್ಲೆಯನ್ನು ಅಡ್ಡ ಹಿಡಿದು ನಿಲ್ಲಿಸಿದ.

“ಲೋಡು ಇಳಿಸಿ ಬನ್ನಿ ಗೌಡ್ರೆ.”

“ಲೋಡು ಎಲ್ಲಿ ಉಂಟು ಮಾರಾಯ? ಖಾಲಿ.”

“ಖಾಲಿ ಲಾರಿಗೆ ನನ್ನ ದೋಣಿ ಇಷ್ಟು ಇಳಿಯುದಿಲ್ಲ. ಅಡಿಯಲ್ಲಿ ಎಂತದೋ ಇಟ್ಟಿದ್ದೀರಿ.”

ಮಾವ ಸುಳ್ಳು ಹೇಳುವವರಲ್ಲ, ಹೇಳಿಸಿಕೊಳ್ಳುವವರೂ ಅಲ್ಲ. ಲಾರಿಯನ್ನು ಹಿಂದೆ ತೆಗೆಸಿ, ಹಿಂದಿನ ಬಾಗಿಲು ತಾವೇ ತೆರೆದರು. ದೋಣಿಯವನು ಒಳಗೆ ಹತ್ತಿ ನೋಡಿದ, ಟಾರ್ಪಾಲು ಕೊಡವಿದ, ಕೆಳಗೆ ಬಗ್ಗಿ ನೋಡಿದ. ಒಂದು ಮೆಣಸಿನ ಕಾಳೂ ಇಲ್ಲ. ಅವನಿಗೆ ತನ್ನ ಕಣ್ಣಿನ ಮೇಲೆಯೇ ಸಂಶಯ. ಕೈಯಲ್ಲಿದ್ದ ಜಲ್ಲೆಯಿಂದ ತಳದ ಹಲಗೆಗೆ ಕುಟ್ಟಿದ, ಮೂಲೆಯ ಕಂಬವನ್ನು ತಬ್ಬಿ ನೋಡಿದ, ಬಾಗಿಲ ತೋರಣವನ್ನು ಸವರಿದ.

“ನೀವು ಮನೆಯನ್ನೇ ಲೋಡು ಮಾಡಿದ್ದೀರಲ್ಲ ಗೌಡ್ರೆ” ಎಂದ. ಅವನು ತಮಾಷೆಗೆ ಹೇಳಿದ್ದಲ್ಲ.

ಅದ್ರಾಮ ಲಾರಿಯ ಹಿಂದಕ್ಕೆ ಬಂದು, ಅಷ್ಟು ವರ್ಷ ಬೆನ್ನಿಗೆ ಕಟ್ಟಿಕೊಂಡು ಓಡಿಸಿದ ಬಾಡಿಯನ್ನು ಹೊಸದಾಗಿ ನೋಡಿದ. ಮಾವ ಅದ್ರಾಮನ ಮುಖ ನೋಡಿದರು. ಪಾಪ, ಅವನ ಕೊಡೆ, ಹಾಸು, ಬುತ್ತಿ ಎಲ್ಲ ಆ ಕ್ಷಣ ಅವರಿಗೆ ನೆನಪಾಗಿರಬೇಕು. ಅತ್ತೆ ವೀಳ್ಯ ಬಾಯಿಗಿಟ್ಟುಕೊಂಡು ಎದ್ದು ಬಂದರು.

“ಅದು ಎರಡು ಮನೆಯ ಪತ್ತಾಯಕ್ಕೆ ಸಾಕಾಗುವ ಮರ” ಎಂದರು. “ನಾನು ಆವತ್ತೇ ಹೇಳ್ತಿದ್ದೆ, ಕೇಳಿದ್ದಿದ್ರೆ.”

ಆ ದಿನ ಲಾರಿ ದಾಟಲಿಲ್ಲ. ಅದನ್ನೂ ಅದ್ರಾಮನನ್ನೂ ದಡದಲ್ಲಿ ಬಿಟ್ಟು ನಾವು ಸಣ್ಣ ದೋಣಿಯಲ್ಲಿ ಮದುವೆಗೆ ಹೋದೆವು. ಮೆಣಸು ಬೇರೆ ದೋಣಿಯಲ್ಲಿ ಬಂದು ಈಚೆ ದಡದಲ್ಲಿ ಲಾರಿ ಸೇರಿತು. ಮನೆಗೆ ಬಂದು, ತುಳಸಿಕಟ್ಟೆ ತಪ್ಪಿಸಿ, ಹಿಂದೆ ಮುಂದೆ ಮಾಡಿ ಲಾರಿಯನ್ನು ಮೂಡು ದಿಕ್ಕಿಗೆ ನಿಲ್ಲಿಸಿದ ಮೇಲೆ ಮಾವ ಅದಕ್ಕೆ ಒಂದು ಸುತ್ತು ಬಂದರು. ಕಂಬದ ಬಳೆಗಳ ಮೇಲೆ ಕೈ ಆಡಿಸಿದರು. ಊರೆಲ್ಲ ಹೊಗಳಿದ ಬಾಡಿ. ಅದನ್ನು ಕಳಚಿದರೆ ಲಾರಿ ಉಳಿಯಬಹುದು, ಆದರೆ ಅಷ್ಟು ಪ್ರೀತಿಯಿಂದ ಕಟ್ಟಿದ ಆಚಾರಿಗೆ ಏನೆಂದು ಹೇಳುವುದು? ಅತ್ತೆಯ ಪತ್ತಾಯದ ಮರವನ್ನು ಕಿತ್ತುಕೊಂಡು ಊರೂರು ತಿರುಗಿಸಿದ್ದು ಕಡೆಗೆ ಇದಕ್ಕೆಂದು ಯಾವ ಬಾಯಿಯಲ್ಲಿ ಒಪ್ಪುವುದು? ಜಗಲಿಗೆ ಬಂದು ಅತ್ತೆಯ ಎದುರು ನಿಂತು, ಮುಖವನ್ನು ಲಾರಿಯ ಕಡೆಗೇ ಇಟ್ಟುಕೊಂಡು, “ನಿನ್ನ ಮರ ವಾಪಸು ಕೊಡ್ತೇನೆ” ಎಂದರು.

ಅತ್ತೆ ಲಾರಿಯನ್ನು ನೋಡಿದರು. ಆಮೇಲೆ ಹೇಳಿದ ಮಾತು ನಾನು ನಿರೀಕ್ಷಿಸಿದ್ದಲ್ಲ. “ಪಾಪ, ಆಮೇಲೆ ಲಾರಿ ಬೋಳು ಕಾಣ್ತದಲ್ಲ” ಎಂದರು.

ಬಾಬು ಆಚಾರಿಯೇ ಬಂದು ಕಳಚಿದರು. ಮಾವ ಹೆದರಿದಷ್ಟು ಏನೂ ಆಗಲಿಲ್ಲ, ಆಚಾರಿ ಒಂದೊಂದು ಹಲಗೆ ಇಳಿಸುವಾಗಲೂ “ನೋಡಿ ಗೌಡ್ರೆ, ಒಂದು ಬಿರುಕು ಉಂಟಾ?” ಎಂದು ಕೇಳುತ್ತ ಖುಷಿಯಲ್ಲೇ ಇದ್ದರು. ಲಾರಿಗೆ ಪೇಟೆಯಲ್ಲಿ ಕಬ್ಬಿಣದ ಪಟ್ಟಿ ಮತ್ತು ತೆಳು ಹಲಗೆಯ ಬಾಡಿ ಕೂರಿಸಿದರು. ಅಂಗಳದಲ್ಲಿ ಪತ್ತಾಯ ಎದ್ದಿತು. ‘ನಿಧಾನ’ ಬರೆದ ಹಲಗೆಯನ್ನು ಆಚಾರಿ ತಲೆಕೆಳಗಾಗಿ ಕೂರಿಸಿದ್ದು ಏಕೆಂದರೆ, ತೋರಣದ ಕೆತ್ತನೆ ಕಾಲಿಗೆ ತಾಗುವ ಹಾಗೆ ಕೆಳಗಿರಬಾರದಂತೆ. ಅದೂ ಅಲ್ಲದೆ ಪತ್ತಾಯದ ಬಾಯಿಯೂ ಮೂಡು ದಿಕ್ಕಿಗೇ ಇದೆ.

ಕುಡಿತ ಕಡಿಮೆಯಾಯಿತೇ? ಆಯಿತು. ಮೊದಲ ದಿನ ಕೋಲು ಎತ್ತಿದ ಮಾವ ಹೆಬ್ಬೆರಳು ಒತ್ತುವುದನ್ನೇ ಮರೆತು ಇನ್ನೊಮ್ಮೆ ಇಳಿಸಿದರು, ಮತ್ತೊಮ್ಮೆ ಇಳಿಸಿದರು. ಗುಜರಿಯವನ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅದ್ರಾಮನ ಹತ್ತಿಯ ಹಾಸು ಸೀಟಿನ ಮೇಲೆ ಬಂತು, ಕೊಡೆಯೂ ಬಂತು. ಆದರೆ ಕೋಲಿನ ಚಾಳಿ ಮಾವನನ್ನು ಬಿಡಲಿಲ್ಲ. ಲಾರಿ ಹೊರಟರೆ ಕೋಲೂ ಹೊರಡಬೇಕು, ಸೀಟಿನ ಹಿಂದೆ ಅದಕ್ಕೊಂದು ಕುಣಿಕೆಯೇ ಇತ್ತು.

ನಾನು ಹೆರಿಗೆಗೆ ಸಂಪಾಜೆಗೆ ಹೋದೆ. ಮಗ ಹುಟ್ಟಿದ. ಬಾಣಂತಿಗೆ ಬೇರೆ ಕೆಲಸವೇನು, ಒಳಕೋಣೆಯಲ್ಲಿ ಮಲಗಿಕೊಂಡು ಲಾರಿಗಳ ಸದ್ದು ಕೇಳುತ್ತಿದ್ದೆ. ಮಗು ನೋಡಲು ಮಾವ ಬರುವರೆಂದು ಹೇಳಿ ಕಳಿಸಿದ್ದರು. ಬೆಳಗ್ಗಿನಿಂದ ಕಿವಿ ರಸ್ತೆಯಲ್ಲೇ. ನೆಗಡಿಯಾದ ಕೋಣ ಬರಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹಗುರವಾಗಿ ಒಂದು ಲಾರಿ ಬಂದು ಹೋಟೆಲಿನ ಎದುರು ನಿಂತಿತು. “ಯಾರದ್ದು?” ಎಂದು ಅಪ್ಪ ಹೊರಗಿನಿಂದ ಕೂಗಿ ಕೇಳಿದರು, ನನ್ನ ವಿದ್ಯೆ ಉಳಿದಿದೆಯೇ ಎಂದು ನೋಡಲು. “ಯಾವುದೋ ಹೊಸ ಲಾರಿ, ನಮ್ಮ ಕಡೆಯದ್ದಲ್ಲ” ಎಂದೆ, ಸಂಶಯವೇ ಇಲ್ಲದೆ. ಅಪ್ಪ ನಗುವುದು ಕೇಳಿತು. ನಾನು ಎದ್ದು ಕಿಟಕಿಗೆ ಹೋದೆ.

ನಮ್ಮದೇ ಲಾರಿ. ಅದ್ರಾಮ ಆ ಕಡೆಯಿಂದ ಇಳಿದ. ಈ ಕಡೆಯಿಂದ ಮಾವ ಇಳಿದು, ಒಳಗಿದ್ದ ಯಾರಿಗೋ ಕೈ ಕೊಟ್ಟರು. ಅತ್ತೆ, ಸೀರೆಯ ನೆರಿಗೆ ಹಿಡಿದುಕೊಂಡು, ಮೆಟ್ಟಿಲಿಗೆ ಕಾಲು ಇಡುವುದು ಹೇಗೆಂದು ತಿಳಿಯದೆ ತಡವರಿಸುತ್ತ, ಲಾರಿಯಿಂದ ಇಳಿಯುತ್ತಿದ್ದಾರೆ. ನನ್ನ ಕಣ್ಣು ತುಂಬಿ ಬಂತು. ಬಾಣಂತಿಯರಿಗೆ ಅದು ಸಹಜ ಎಂದು ಅಮ್ಮ ಹೇಳಿದಳು.

ಅಪ್ಪ ಚಾ ತಂದಿಟ್ಟು, ಲಾರಿಯವರು ಲಾರಿಯವರನ್ನು ಕೇಳುವ ಮೊದಲ ಪ್ರಶ್ನೆಯನ್ನೇ ಕೇಳಿದರು. “ಹೇಗೆ ಗೌಡ್ರೆ, ಈಗ ಎಷ್ಟು ಕುಡಿತದೆ?”

ಮಾವ ಲಾರಿಯ ಹತ್ತಿರ ಹೋಗಿ ಸೀಟಿನ ಹಿಂದೆ ಕೈ ಹಾಕಿದರು. ಬಗ್ಗಿ ನೋಡಿದರು. ಕುಣಿಕೆ ಖಾಲಿ ಇತ್ತು.

“ಕೋಲು ತರ್ಲಿಕ್ಕೆ ಮರೆತೆ” ಎಂದರು. ಅವರ ದನಿಯಲ್ಲಿ ಅವರಿಗೇ ಆಶ್ಚರ್ಯ ಇತ್ತು.

“ಹೊರಡುವಾಗ ಎಲ್ಲಿ ನೆನಪು ಗೌಡ್ರಿಗೆ” ಎಂದ ಅದ್ರಾಮ, ಚಾ ಊದುತ್ತ. “ದಾರಿಯುದ್ದಕ್ಕೂ ಅಮ್ಮನಿಗೆ ಇದು ಈ ಊರು, ಅದು ಆ ಊರು ಅಂತ ತೋರಿಸಿದ್ದೇ ಆಯ್ತು. ಸುಳ್ಯದಲ್ಲಿ ಎರಡು ಸಲ ನಿಲ್ಲಿಸಿದ್ದು.”

“ಇರ್ಲಿ, ಇವತ್ತಿನದ್ದು ಅಳೆಯುದು ಬೇಡ” ಎಂದರು ಅತ್ತೆ. “ಜಾಸ್ತಿಯೇ ಕುಡಿದಿರ್ತದೆ. ನನ್ನ ಭಾರವೂ ಉಂಟಲ್ಲ.”

ಅದ್ರಾಮನ ಗಂಜಿಯ ಬುತ್ತಿಯನ್ನೂ ಕೈಯಲ್ಲಿ ತೂಗಿ ನೋಡಿದ್ದ ನನ್ನ ಮಾವ, ಅತ್ತೆಯ ಮುಖವನ್ನೇ ನೋಡುತ್ತ, “ಅದೊಂದು ಭಾರವಾ ಮಾರಾಯ್ತಿ” ಎಂದರು.

ಆಮೇಲೆ ಮಗು ಎಲ್ಲಿ ಎಂದು ಕೇಳುತ್ತ, ಚಾ ಅಲ್ಲಿಯೇ ಬಿಟ್ಟು, ಇಬ್ಬರೂ ಒಳಗೆ ಬಂದರು. ಕೋಲು ಮತ್ತೆ ಆ ಲಾರಿ ಹತ್ತಲಿಲ್ಲ. ನಾನು ಮಗುವಿನ ಜೊತೆ ದರ್ಬೆಗೆ ಬರುವ ಹೊತ್ತಿಗೆ ಅತ್ತೆ ಅದನ್ನು ತೊಳೆದು, ಬಿಸಿಲಿಗಿಟ್ಟು, ಪತ್ತಾಯಕ್ಕೆ ಹಾಕಿದ್ದರು.